ಶೈಲವರ್ಣನೆ ಮತ್ತು ಜಲಕ್ರೀಡೆ: ಅರ್ಕಾವತಿಯ ಜಾಡಿನಲ್ಲಿ ಎರಡು ದಿನ

ಮಹಾಕಾವ್ಯಕ್ಕೆ ವರ್ಣನೆಗಳು ಅಂಗವೆಂದು ನಮ್ಮ ಲಾಕ್ಷಣಿಕರು ವಿಧಿಸಿದ್ದಾರೆ. ನಗರ, ಅರ್ಣವ, ಶೈಲ, ಋತು, ಚಂದ್ರೋದಯ, ಅರ್ಕೋದಯ, ಉದ್ಯಾನ, ಸಲಿಲಕ್ರೀಡೆ ಎಂದು ದಂಡಿಯು ಕಾವ್ಯಾದರ್ಶದಲ್ಲಿ ಎಣಿಸುತ್ತ ಹೋಗುವ ಪಟ್ಟಿಯೇ ಮುಂದೆ ಅಷ್ಟಾದಶ ವರ್ಣನೆಗಳೆಂದು ಪ್ರಸಿದ್ಧವಾಯಿತು. ಈ ಪಟ್ಟಿಯನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆ ಬಾಯಿಪಾಠ ಮಾಡಿಸುತ್ತ ನನಗೆ ಮೂವತ್ತು ವರ್ಷಗಳು ಸಂದುವು. ನಡುವೆ ಬರುವ ಮಧುಪಾನವೇ ಮೊದಲಾದ ಎರಡು ಮೂರು ಹೆಸರುಗಳನ್ನು ಕೆಮ್ಮಿ ದಾಟಿಸುವ ಉಪಾಯ ಎಲ್ಲ ಪಂಡಿತರಿಗೂ ತಿಳಿದದ್ದೇ. ಆದರೆ ಈ ಪಟ್ಟಿಯಲ್ಲಿ ಬೆಟ್ಟವಿದೆ, ಕಡಲಿದೆ, ನದಿಯ ಹೆಸರು ಮಾತ್ರ ಪ್ರತ್ಯೇಕವಾಗಿ ಇಲ್ಲ ಎಂಬ ಸಂಗತಿಯನ್ನು ನಾನು ಗಮನಿಸಿದ್ದು ಕಳೆದ ವರ್ಷ, ಅದೂ ಒಬ್ಬ ವಿದ್ಯಾರ್ಥಿನಿಯ ಪ್ರಶ್ನೆಯಿಂದ.

ಪ್ರಬಂಧಕ್ಕೆ ‘ನಮ್ಮ ಊರಿನ ನದಿ’ ಎಂಬ ವಿಷಯವನ್ನು ಕೊಟ್ಟಿದ್ದೆ. ಹತ್ತನೆಯ ತರಗತಿಯ ಆ ಹುಡುಗಿ ಎದ್ದು ನಿಂತು, “ಗುರುಗಳೇ, ಯಲಹಂಕದಲ್ಲಿ ಯಾವ ನದಿ ಇದೆ?” ಎಂದು ಕೇಳಿದಳು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಗಂಟೆ ಹೊಡೆದುದರಿಂದ ಆ ದಿನ ನನ್ನ ಮಾನ ಉಳಿಯಿತು. ಪ್ರಶ್ನೆ ಮಾತ್ರ ಉಳಿದೇ ಇತ್ತು. ಅದಕ್ಕೆ ಉತ್ತರವನ್ನು ಹುಡುಕುತ್ತ ಹೋದುದರ ಫಲವಾಗಿ, ಪರಮಪೂಜ್ಯ ಶ್ರೀಗಳವರ ಅಪ್ಪಣೆಯನ್ನು ಪಡೆದು, ಮಾರ್ಗಶಿರ ಮಾಸದ ಒಂದು ಶನಿವಾರ ಮತ್ತು ಭಾನುವಾರ ಮೂವತ್ತೆಂಟು ವಿದ್ಯಾರ್ಥಿಗಳೊಡನೆ ಬೆಟ್ಟವನ್ನು ಏರಿ ಹೊಳೆಯಲ್ಲಿ ತೇಲಿ ಬಂದೆವು. ಆ ಎರಡು ದಿನಗಳ ಪಾಠವನ್ನು ಈ ಸಂಚಿಕೆಯಲ್ಲಿ ಬರೆದಿಡಬೇಕೆಂದು ಸಂಪಾದಕ ಮಂಡಳಿಯವರು ಅಪೇಕ್ಷಿಸಿದ್ದಾರೆ.

ಮೊದಲು ಪ್ರಶ್ನೆಗೆ ಉತ್ತರ. ಯಲಹಂಕದಲ್ಲಿ ಹೊಳೆಯಿಲ್ಲ. ಹೆಬ್ಬಾಳದಲ್ಲಿಯೂ ಇಲ್ಲ, ಯಶವಂತಪುರದಲ್ಲಿಯೂ ಇಲ್ಲ. ಆದರೆ ನಾವು ವಾಸವಾಗಿರುವುದು ಎರಡು ಹೊಳೆಗಳ ನಡುವಣ ದಿಣ್ಣೆಯ ಮೇಲೆ. ಯಲಹಂಕದ ಕೆರೆಯ ಕೋಡಿ ಹರಿದರೆ ಆ ನೀರು ಜಕ್ಕೂರು, ರಾಚೇನಹಳ್ಳಿಗಳ ಕೆರೆಗಳನ್ನು ಹಾಯ್ದು ಪೂರ್ವಕ್ಕೆ ಇಳಿಯುತ್ತದೆ. ಹೆಬ್ಬಾಳದ ಕೆರೆಯ ನೀರು ನಾಗವಾರದ ಕಡೆಗೆ ಹೊರಟು ಅದೇ ದಿಕ್ಕನ್ನು ಹಿಡಿಯುತ್ತದೆ. ಅವೆಲ್ಲ ಕಡೆಗೆ ಸೇರುವುದು ದಕ್ಷಿಣ ಪಿನಾಕಿನಿಯನ್ನು. ಸೋಲದೇವನಹಳ್ಳಿಯನ್ನು ದಾಟಿ ಹೆಸರುಘಟ್ಟದ ಕಡೆಗೆ ನಡೆದರೆ ನೆಲ ಪಶ್ಚಿಮಕ್ಕೆ ಇಳಿಯುತ್ತದೆ. ಅಲ್ಲಿಯ ನೀರು ಅರ್ಕಾವತಿಯದು. ಮಳೆಯ ಒಂದು ಹನಿ ದಿಣ್ಣೆಯ ಯಾವ ಮಗ್ಗುಲಿಗೆ ಬಿದ್ದಿತೆಂಬುದರ ಮೇಲೆ, ಅದು ಪಿನಾಕಿನಿಯೊಡನೆ ತಮಿಳುನಾಡನ್ನು ಹಾಯ್ದು ಕಡಲೂರಿನ ಬಳಿ ಕಡಲನ್ನು ಕಾಣುವುದೋ, ಕಾವೇರಿಯ ಪಾಲಾಗುವುದೋ ನಿರ್ಧಾರವಾಗುತ್ತದೆ. ಸೋಜಿಗವೇನೆಂದರೆ ಈ ಎರಡು ಹೊಳೆಗಳ ಹುಟ್ಟೂ ಒಂದೇ ಕಡೆ, ನಮ್ಮ ಶಾಲೆಯ ಮಾಳಿಗೆಯಿಂದ ಶುಭ್ರವಾದ ಬೆಳಗಿನಲ್ಲಿ ಕಾಣುವ ನಂದಿಯ ಬೆಟ್ಟಸಾಲಿನಲ್ಲಿ. ಉತ್ತರಾಭಿಮುಖವಾಗಿ ಹೊರಟು ನೆಲ್ಲೂರಿನ ಬಳಿ ಕಡಲನ್ನು ಸೇರುವ ಉತ್ತರ ಪಿನಾಕಿನಿಯ ತವರೂ ಅದೇ ಸಾಲು.

ಹೆಬ್ಬಾಳದ ಹೆಸರು ಬಂದುದರಿಂದ ಒಂದು ಮಾತನ್ನು ಹೇಳಿ ಮುಂದುವರಿಯುತ್ತೇನೆ. 2018ರಲ್ಲಿ ಹೆಬ್ಬಾಳದಲ್ಲಿ ದೊರೆತ ಕಿತ್ತಯ್ಯನೆಂಬ ವೀರನ ಕಲ್ಲು ಗಂಗರ ಶ್ರೀಪುರುಷನ ಕಾಲದ್ದು, ಕ್ರಿ.ಶ. 750ರ ಸುಮಾರಿನದು ಎಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಅದರಲ್ಲಿ ಈ ನೆಲಕ್ಕೆ ಪೆರ್ಬೊಳಲ್ ನಾಡು ಎಂದು ಹೆಸರು. ಪೆರ್ ಎಂದರೆ ಹಿರಿದು, ಪೊಳಲ್ ಎಂದರೆ ಪಟ್ಟಣ. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಗುವುದನ್ನು ನೀವು ವ್ಯಾಕರಣದಲ್ಲಿ ಓದಿದ್ದೀರಿ: ಪಾಲು ಹಾಲಾಯಿತು, ಪೂವು ಹೂವಾಯಿತು, ಪೆರ್ಬೊಳಲ್ ಹೆಬ್ಬಾಳವಾಯಿತು. ಇದೇ ನಿಯಮದಿಂದ ‘ಪೊಳೆ’ ಎಂಬುದು ‘ಹೊಳೆ’ಯಾಯಿತು, ಮಲೆಯಾಳಿಗಳು ಇಂದಿಗೂ ಹೊಳೆಯನ್ನು ‘ಪುಳ’ ಎನ್ನುತ್ತಾರೆ. ನಂದಿಬೆಟ್ಟವೂ ಗಂಗರಿಗೆ ಸೇರಿದ್ದೇ. ಅವರ ಬಿರುದುಗಳಲ್ಲಿ ನಂದಗಿರಿನಾಥ ಎಂಬುದೊಂದು. ಬೆಟ್ಟದ ಹೆಸರನ್ನು ಬಿರುದಾಗಿ ಹೊತ್ತ ಅರಸರಿಗೆ, ಆ ಬೆಟ್ಟವು ನೀರಿನ ಒಡೆಯನೆಂಬುದು ತಿಳಿದಿರಲೇಬೇಕು.

ಶನಿವಾರ ಬೆಳಗಿನ ಜಾವ ಪ್ರಸಾದನಿಲಯದಲ್ಲಿ ಶಿವಪೂಜೆಯನ್ನು ಮುಗಿಸಿ ಹೊರಟು, ಬೆಟ್ಟದ ಬುಡದ ನಂದಿ ಗ್ರಾಮವನ್ನು ಸೇರಿದಾಗ ಆಗತಾನೇ ಬೆಳಕು ಹರಿದಿತ್ತು. ಬೆಂಗಳೂರಿನ ಜನ ಬೆಟ್ಟದ ನೆತ್ತಿಯ ಸೂರ್ಯೋದಯವನ್ನು ನೋಡಲು ನಸುಕಿನಲ್ಲಿಯೇ ವಾಹನಗಳಲ್ಲಿ ಮೇಲೇರುತ್ತಾರೆ; ಬುಡದಲ್ಲಿರುವ ಭೋಗನಂದೀಶ್ವರನಿಗೆ ಅವರ ಬಿಡುವು ದೊರೆಯುವುದು ಅಪರೂಪ. ನಮಗೆ ಅರ್ಕೋದಯ ಆ ದೇಗುಲದ ಶೃಂಗಿತೀರ್ಥದ ಮೆಟ್ಟಿಲುಗಳ ಮೇಲೆ ಆಯಿತು. ಅರುಣಾಚಲೇಶ್ವರ, ಉಮಾಮಹೇಶ್ವರ, ಭೋಗನಂದೀಶ್ವರ ಎಂಬ ಮೂರು ಗುಡಿಗಳು ಒಂದೇ ಸಾಲಿನಲ್ಲಿವೆ. ಅವು ಈಶ್ವರನ ಬಾಲ್ಯ, ವಿವಾಹ, ಯೌವನಗಳ ಸಂಕೇತವೆಂದೂ, ಬೆಟ್ಟದ ಮೇಲಿನ ಯೋಗನಂದೀಶ್ವರನದು ವೈರಾಗ್ಯದ ನೆಲೆಯೆಂದೂ ಸ್ಥಳದವರು ಹೇಳುತ್ತಾರೆ. ಬುಡದಲ್ಲಿ ಭೋಗ, ನೆತ್ತಿಯಲ್ಲಿ ಯೋಗ. ನಡುವೆ ಇರುವುದು ಮೆಟ್ಟಿಲು.

ಆ ಮೆಟ್ಟಿಲುಗಳ ದಾರಿ ಸುಲ್ತಾನಪೇಟೆಯೆಂಬ ಹಳ್ಳಿಯಿಂದ ಹೊರಡುತ್ತದೆ. ಸಾವಿರಕ್ಕೂ ಮಿಕ್ಕ ಕಲ್ಲುಮೆಟ್ಟಿಲು. ಏರುವ ಮುನ್ನ ದೈಹಿಕ ಶಿಕ್ಷಕರು ಹೇಳಿದ ಮಾತುಗಳನ್ನು ಇಲ್ಲಿ ಬರೆಯುವುದು ಉಚಿತ, ಏಕೆಂದರೆ ಕಾವ್ಯದ ಶೈಲವರ್ಣನೆಯಲ್ಲಿ ಅವು ಸಿಕ್ಕುವುದಿಲ್ಲ. ಎಲ್ಲರಿಗಿಂತ ನಿಧಾನವಾಗಿ ನಡೆಯುವವನು ಸಾಲಿನ ಮುಂದಿರಬೇಕು. ಅವನ ನಡೆಯೇ ತಂಡದ ನಡೆ. ಕಡೆಯಲ್ಲಿ ಒಬ್ಬ ಉಪಾಧ್ಯಾಯರು ತಪ್ಪದೆ ಇರಬೇಕು. ಮಾತನಾಡಲಾಗದಷ್ಟು ಏದುಸಿರು ಬಂದರೆ ಅದೇ ನಿಲ್ಲುವ ಸೂಚನೆ. ಬಾಯಾರುವವರೆಗೆ ಕಾಯದೆ ಗುಟುಕು ಗುಟುಕಾಗಿ ನೀರು ಕುಡಿಯಬೇಕು. ಬಂಡೆಯ ಚಾಚಿನಲ್ಲಿ ಹೆಜ್ಜೇನು ಕಟ್ಟಿದ್ದರೆ ಕೂಗಬಾರದು, ಕಲ್ಲೆಸೆಯಬಾರದು, ಹೊಗೆ ಹಾಕಬಾರದು. ಏರುವಾಗ ದಣಿಯುವುದು ಎದೆ, ಇಳಿಯುವಾಗ ಸೋಲುವುದು ಮಂಡಿ. ಬೀಳುವವರು ಹೆಚ್ಚಾಗಿ ಬೀಳುವುದು ಇಳಿಯುವಾಗಲೇ. ಐವತ್ತು ದಾಟಿದ ನಾನೇ ಸಾಲಿನ ಮುಂದಿದ್ದೆನೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ದಾರಿಯಲ್ಲಿ ಮಕ್ಕಳಿಗೆ ಒಂದು ಕೆಲಸವನ್ನು ಕೊಟ್ಟಿದ್ದೆ: ನೆಲದ ಏರಿಳಿತವನ್ನು ಹೇಳುವ ಕನ್ನಡ ಪದಗಳನ್ನು ಕಂಡಂತೆ ಕಂಡಂತೆ ಬರೆದುಕೊಳ್ಳುವುದು. ದಿಣ್ಣೆ, ಬೋರೆ, ಗುಡ್ಡ, ಬೆಟ್ಟ, ಕೋಡುಗಲ್ಲು, ಅರೆ, ಬಂಡೆ, ಇಳಿಜಾರು, ಕಣಿವೆ, ಕೊರಕಲು, ಹಳ್ಳ, ತೊರೆ. ‘ಇದು ಹಳ್ಳವೋ ಕೊರಕಲೋ’ ಎಂದು ಇಬ್ಬರು ಹುಡುಗರಿಗೆ ವ್ಯಾಜ್ಯ ಬಂದಿತು. ಮಳೆಯ ನೀರು ಕೊರೆದದ್ದು ಕೊರಕಲು, ಆ ನೀರು ಹರಿಯಲು ನೆಲೆಯಾದದ್ದು ಹಳ್ಳ ಎಂದು ನಾನು ತೀರ್ಪು ಕೊಟ್ಟೆ. ನಿಘಂಟಿನಲ್ಲಿ ಒಂದರ ಮುಂದೊಂದು ಪರ್ಯಾಯ ಪದಗಳಂತೆ ನಿಲ್ಲುವ ಮಾತುಗಳು ಕಾಲ ಕೆಳಗೆ ಬಂದಾಗ ಪರ್ಯಾಯಗಳಾಗಿ ಉಳಿಯುವುದಿಲ್ಲ.

ಬೆಟ್ಟದ ಎತ್ತರ ಸಮುದ್ರಮಟ್ಟದಿಂದ 1,478 ಮೀಟರು. ನಾವು ಕಾಲ್ನಡಿಗೆಯಲ್ಲಿ ಏರಿದ್ದು ಅದರಲ್ಲಿ ಹೆಚ್ಚು ಕಡಿಮೆ 500 ಮೀಟರು. ಈ ಅಂಕಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದು ಕೆಲಸಕ್ಕೆ ಬರುತ್ತದೆ. ಮೇಲೆ ಕೋಟೆಯಿದೆ. 1791ರ ಅಕ್ಟೋಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಅದನ್ನು ಟಿಪ್ಪುವಿನ ಕಡೆಯವರಿಂದ ಗೆದ್ದುಕೊಂಡಿತು. ಅದರ ಕಥೆಯನ್ನು ಚರಿತ್ರೆಯ ಉಪಾಧ್ಯಾಯರು ಹೇಳಿದರು. ನನ್ನ ಆಸಕ್ತಿಯೆಲ್ಲ ಇದ್ದುದು ಅರ್ಕಾವತಿಯ ಉಗಮವೆಂದು ತೋರಿಸುವ ಕಲ್ಲುಕಟ್ಟಡದ ಪುಟ್ಟ ನೀರಿನ ನೆಲೆಯ ಮೇಲೆ. ಅರ್ಕನೆಂದರೆ ಸೂರ್ಯ. ಪದ್ಮಾವತಿ, ಅಮರಾವತಿ ಎಂಬಂತೆ ನಡುವೆ ದೀರ್ಘ ಬಂದು ಅರ್ಕಾವತಿ. ಮಕ್ಕಳು ಅದರ ಸುತ್ತ ನಿಂತು ಸ್ವಲ್ಪ ಹೊತ್ತು ಏನೂ ಮಾತನಾಡಲಿಲ್ಲ. ನಿರಾಶೆಯೆಂದೇ ಹೇಳಬೇಕು. “ಇಷ್ಟೇನಾ ಗುರುಗಳೇ?” ಎಂದ ಒಬ್ಬ. ಮೇಲೆ ಹೇಳಿದ ಹುಡುಗಿ ತನ್ನ ಬಾಟಲಿಯಲ್ಲಿ ಅರ್ಧದಷ್ಟು ಆ ನೀರನ್ನು ತುಂಬಿಕೊಂಡಳು. ಏಕೆಂದು ನಾನು ಆಗ ಕೇಳಲಿಲ್ಲ.

ಇಳಿದ ಮೇಲೆ ಬೆಟ್ಟದ ಮಗ್ಗುಲಿನ ಹಳ್ಳಿಗಳಲ್ಲಿ ನಡೆದೆವು. ದ್ರಾಕ್ಷಿಯ ಚಪ್ಪರ, ಹಿಪ್ಪುನೇರಳೆಯ ತೋಟ, ರೇಷ್ಮೆಹುಳು ಗೂಡು ಕಟ್ಟುವ ಚಂದ್ರಿಕೆಗಳು, ಕಟಾವಾದ ರಾಗಿಯ ಮೆದೆ. ಒಂದು ಮನೆಯ ಜಗಲಿಯಲ್ಲಿ ಕುಳಿತಿದ್ದ ವೃದ್ಧೆ ಮಕ್ಕಳಿಗೆಲ್ಲ ಮಜ್ಜಿಗೆಯನ್ನು ಕೊಡಿಸಿದರು. “ಅಜ್ಜೀ, ಹೊಳೆ ಎಲ್ಲಿ ಹರಿಯುತ್ತದೆ?” ಎಂದು ಮಕ್ಕಳು ಕೇಳಿದಾಗ ಆಕೆ ನಕ್ಕು, “ಹೊಳೇನ ಹುಡುಕ್ಕೊಂಡು ಬಂದ್ರಾ ಮಕ್ಳಾ? ನಮ್ಮ ಮಾವನೋರ ಕಾಲಕ್ಕೆ ಮೂವತ್ತಡಿ ಬಾವೀಲಿ ಕಪಿಲೆ ಹೊಡೀತಿದ್ರು. ಈಗ ಸಾವಿರದಿನ್ನೂರು ಅಡಿ ಕೊರ್‍ಸಿದ್ರೂ ಧೂಳು ಬತ್ತದೆ. ಹೊಳೆ ನೆಲದೊಳಕ್ಕೆ ಹೋಗಿಬಿಡ್ತು” ಎಂದರು. ಕಪಿಲೆಯೆಂದರೇನು ಎಂದು ತಿಳಿದಿದ್ದವರು ನಮ್ಮ ತಂಡದಲ್ಲಿ ಮೂವರೇ, ಮೂವರೂ ಉಪಾಧ್ಯಾಯರು. ಚರ್ಮದ ದೊಡ್ಡ ಬಾನೆಗೆ ಹಗ್ಗ ಕಟ್ಟಿ, ಎತ್ತುಗಳನ್ನು ಇಳಿಜಾರಿನಲ್ಲಿ ನಡೆಸಿ ಬಾವಿಯಿಂದ ನೀರೆತ್ತುವ ಸಾಧನವದು.

ಆ ಅಜ್ಜಿಯ ಮಾತು ಲೋಕಾಭಿರಾಮದ್ದಲ್ಲ. ಅರ್ಕಾವತಿ ಏಕೆ ಬತ್ತಿತೆಂದು ಬೆಂಗಳೂರಿನ ಏಟ್ರೀ ಎಂಬ ಪರಿಸರ ಸಂಶೋಧನ ಸಂಸ್ಥೆಯ ವಿದ್ವಾಂಸರು ಅಧ್ಯಯನವನ್ನು ನಡೆಸಿ 2015ರಲ್ಲಿ ಪ್ರಕಟಿಸಿದರು. ಮಳೆ ಕಡಿಮೆಯಾದುದು ಇದಕ್ಕೆ ಕಾರಣವಲ್ಲ. ಕೊಳವೆಬಾವಿಗಳಿಂದ ಅಂತರ್ಜಲವನ್ನು ಬರಿದುಮಾಡಿದ್ದು ಮತ್ತು ಹೊಲಗಳಲ್ಲಿ ನೀಲಗಿರಿಯ ತೋಪುಗಳು ಹಬ್ಬಿದ್ದು ಮುಖ್ಯ ಕಾರಣಗಳಾಗಿ ತೋರುತ್ತವೆ ಎಂಬುದು ಅವರ ನಿರ್ಣಯದ ಸಾರ. ಹೊಳೆಯ ದಡದಲ್ಲಿ ನಿಂತು ‘ಮಳೆಯೇ ಇಲ್ಲ’ ಎಂದು ಆಕಾಶವನ್ನು ದೂರುವುದು ನಮಗೆಲ್ಲ ಸುಲಭ. ಆಕಾಶ ತನ್ನ ಪಾಲನ್ನು ಕೊಡುತ್ತಲೇ ಇತ್ತು.

ಅಲ್ಲಿಂದ ದೊಡ್ಡಬಳ್ಳಾಪುರದ ಮಾರ್ಗವಾಗಿ ಹಿಂದಿರುಗುತ್ತ ಸಂಜೆಯ ಹೊತ್ತಿಗೆ ಹೆಸರುಘಟ್ಟದ ಕಟ್ಟೆಯ ಮೇಲೆ ನಿಂತೆವು. ಶೇಷಾದ್ರಿ ಅಯ್ಯರರು ದಿವಾನರಾಗಿದ್ದ ಕಾಲದಲ್ಲಿ, 1894ರಲ್ಲಿ, ಬೆಂಗಳೂರಿಗೆ ಕುಡಿಯುವ ನೀರನ್ನು ಒದಗಿಸಲು ಅರ್ಕಾವತಿಗೆ ಇಲ್ಲಿ ಕಟ್ಟೆ ಹಾಕಿದರು. ಊರು ಬೆಳೆದು ಈ ನೀರು ಸಾಲದಾಗಲು, 1933ರಲ್ಲಿ ಕೆಳಗೆ ತಿಪ್ಪಗೊಂಡನಹಳ್ಳಿಯಲ್ಲಿ, ಶಿವಗಂಗೆಯಿಂದ ಇಳಿದು ಬರುವ ಕುಮುದ್ವತಿಯು ಅರ್ಕಾವತಿಯನ್ನು ಕೂಡುವ ಕಡೆ, ಚಾಮರಾಜಸಾಗರವು ಎದ್ದಿತು. ಹೀಗೆ ಸುಮಾರು ಎಂಬತ್ತು ವರ್ಷಗಳ ಕಾಲ ಬೆಂಗಳೂರಿಗೆ ಕೊಳಾಯಿಯಲ್ಲಿ ನೀರು ಕುಡಿಸಿದ ಹೊಳೆ ಅರ್ಕಾವತಿ. ನಿಮ್ಮ ಅಜ್ಜ ಅಜ್ಜಿಯರು ಕುಡಿದದ್ದು ಅದನ್ನೇ. 2022ರ ದೊಡ್ಡ ಮಳೆಯಲ್ಲಿ ಹೆಸರುಘಟ್ಟಕ್ಕೆ ಬಹುಕಾಲದ ಮೇಲೆ ನೀರು ಬಂದಾಗ ಜನ ಜಾತ್ರೆಗೆ ಹೋದಂತೆ ಹೋಗಿ ನೋಡಿ ಬಂದರು. ನೀರಿರುವ ಕೆರೆಯನ್ನು ನೋಡುವುದೇ ಒಂದು ವಿಶೇಷವಾಗುವಷ್ಟು ದಿನ ಅದು ಒಣಗಿತ್ತು.

ಮರುದಿನದ ಜಲಕ್ರೀಡೆಯನ್ನು ಹೇಳುವ ಮೊದಲು ನನ್ನದೇ ಒಂದು ತಪ್ಪನ್ನು ಹೇಳಬೇಕು. ಅದನ್ನು ಮುಚ್ಚಿಟ್ಟು ಈ ಲೇಖನವನ್ನು ಮುಗಿಸಲಾರೆ.

ಇಪ್ಪತ್ತೈದು ವರ್ಷಗಳ ಹಿಂದೆ, ಬೇರೊಂದು ಊರಿನಲ್ಲಿ ನಾನು ಹೊಸದಾಗಿ ಪಂಡಿತನಾಗಿದ್ದಾಗ, ಇಪ್ಪತ್ತು ಹುಡುಗರನ್ನು ಹೊಳೆಯ ದಡಕ್ಕೆ ಕರೆದೊಯ್ದಿದ್ದೆ. ಬೇಸಿಗೆ, ನೀರು ಮಂಡಿಯುದ್ದ. ಹುಡುಗರು ನೀರಿಗೆ ಇಳಿದರು. ನಾನು ಬಂಡೆಯ ಮೇಲೆ ಕುಳಿತು, ಅವರಿಗೆ ಕೇಳಿಸಲಿ ಎಂದು ಎತ್ತರದ ದನಿಯಲ್ಲಿ ಜಲಕ್ರೀಡೆಯ ಪದ್ಯಗಳನ್ನು ಹೇಳುತ್ತಿದ್ದೆ. ಅವರಲ್ಲಿ ಒಬ್ಬ ಪಾಚಿಗಲ್ಲಿನ ಮೇಲೆ ಕಾಲಿಟ್ಟು ಜಾರಿ, ಮಂಡಿಯುದ್ದದ ನೀರಿನಿಂದ ನೇರವಾಗಿ ಬಂಡೆಯ ಗುಂಡಿಗೆ ಹೋದ. ಅವನ ಕೈ ಒಮ್ಮೆ ಕಂಡಿತು, ಮತ್ತೆ ಕಾಣಲಿಲ್ಲ. ಪದ್ಯ ನನ್ನ ಬಾಯಲ್ಲಿಯೇ ನಿಂತಿತು. ನನಗೆ ಈಜು ಬರುತ್ತಿರಲಿಲ್ಲ. ದಡದಲ್ಲಿ ಬಲೆಯನ್ನು ಒಣಗಿಸುತ್ತಿದ್ದ ಅಂಬಿಗರೊಬ್ಬರು ಓಡಿಬಂದು ಧುಮುಕಿ ಅವನ ಕೂದಲನ್ನು ಹಿಡಿದು ಎಳೆದು ತಂದರು. ಹುಡುಗ ಬದುಕಿದ. ಆ ಹಿರಿಯರು ನನ್ನನ್ನು ಬೈಯಲಿಲ್ಲ. “ಸ್ವಾಮೀ, ಸದ್ದು ಮಾಡೋ ಕಡೆ ನೀರು ಮಂಡಿಯುದ್ದ, ಸದ್ದಿಲ್ಲದ ಕಡೆ ಆಳುದ್ದ. ಇದು ಸದ್ದಿಲ್ಲದ ಜಾಗ” ಎಂದಷ್ಟೇ ಹೇಳಿ ಬಲೆಯ ಕಡೆಗೆ ಹೋದರು. ಆ ದಿನದ ಮೇಲೆ ಹಲವು ವರ್ಷ ನಾನು ಮಕ್ಕಳನ್ನು ಹೊಳೆಯ ಬಳಿಗೆ ಕರೆದೊಯ್ಯಲಿಲ್ಲ. ಅದು ಎಚ್ಚರವೆಂದು ನಾನು ತಿಳಿದಿದ್ದೆ. ‘ಯಲಹಂಕದಲ್ಲಿ ಯಾವ ನದಿ ಇದೆ’ ಎಂದು ಆ ಹುಡುಗಿ ಕೇಳಿದ ದಿನವೇ, ಹೊಳೆಯನ್ನು ಕಾಣದ ಒಂದು ತಲೆಮಾರನ್ನು ಬೆಳೆಸುವುದರಲ್ಲಿ ನನ್ನ ಅಂಜಿಕೆಯ ಪಾಲೂ ಇದೆಯೆಂದು ತಿಳಿದದ್ದು.

ಆದಕಾರಣ ಭಾನುವಾರ ಕನಕಪುರದ ದಾರಿಯಾಗಿ ಸಂಗಮವನ್ನು ತಲಪಿದಾಗ, ನೀರಿಗೆ ಇಳಿಯುವ ಮೊದಲು ಅರ್ಧ ಗಂಟೆಯ ಪಾಠ ನಡೆಯಿತು. ಪಾಠ ಹೇಳಿದವರು ನಾನಲ್ಲ, ಹರಿಗೋಲನ್ನು ನಡೆಸುವ ಅಂಬಿಗರು. ಅವರು ಹೇಳಿದ ಮಾತುಗಳ ಸಾರವಿಷ್ಟು. ಮೇಲಿನ ಅಣೆಕಟ್ಟುಗಳಿಂದ ನೀರು ಬಿಟ್ಟರೆ ಇಲ್ಲಿ ಮಳೆಯಿಲ್ಲದೆಯೂ ಹೊಳೆ ಏರುತ್ತದೆ. ನಡುಬಂಡೆಯ ಮೇಲೆ ಊಟಕ್ಕೆ ಕುಳಿತವರಿಗೆ ಹಿಂದಿರುಗುವ ದಾರಿ ಮುಚ್ಚಿಹೋಗುತ್ತದೆ. ನಿರ್ಮಲವಾದ ನೀರು ಕುಳಿತಿದ್ದರೆ ಅದರ ಆಳ ಕಣ್ಣಿಗೆ ಕಡಿಮೆಯಾಗಿ ತೋರುತ್ತದೆ. ಒಬ್ಬ ಬಿದ್ದನೆಂದು ಈಜುಬಾರದ ಇನ್ನೊಬ್ಬ ಧುಮುಕಿದರೆ ಮನೆಗೆ ಹೋಗುವುದು ಎರಡು ಸುದ್ದಿ. ಹಗ್ಗ, ಬಿದಿರಿನ ಗಳ, ಪಂಚೆ, ಯಾವುದಾದರೂ ಸರಿ, ದಡದಿಂದಲೇ ಚಾಚಬೇಕು. ಅವರು ಇದನ್ನೆಲ್ಲ ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು, ಯಾವ ಆಡಂಬರವೂ ಇಲ್ಲದೆ ಹೇಳಿದರು. ನಮ್ಮ ಮಕ್ಕಳು ನನ್ನ ಯಾವ ಪಾಠವನ್ನೂ ಅಷ್ಟು ನಿಶ್ಶಬ್ದವಾಗಿ ಕೇಳಿದ್ದಿಲ್ಲ.

ಹರಿಗೋಲು ಎಂಬ ಪದವನ್ನು ಹರಿ ಮತ್ತು ಕೋಲು ಎಂದು ಬಿಡಿಸಬಹುದು. ಕಕಾರಕ್ಕೆ ಗಕಾರ ಬಂದುದರಿಂದ ಆದೇಶಸಂಧಿ. ಹರಿಯುವುದೆಂಬ ಅರ್ಥದ ಈ ‘ಹರಿ’ ಹಳಗನ್ನಡದಲ್ಲಿ ‘ಪರಿ’. ತಮಿಳರು ಈ ದೋಣಿಯನ್ನು ‘ಪರಿಸಲ್’ ಎನ್ನುತ್ತಾರೆ. ಬಿದಿರಿನ ದಬ್ಬೆಗಳನ್ನು ಬುಟ್ಟಿಯಂತೆ ದುಂಡಗೆ ಹೆಣೆದು, ಹಿಂದೆ ತೊಗಲನ್ನು, ಈಗ ದಪ್ಪನೆಯ ಹಾಳೆಯನ್ನು ಹೊದಿಸಿ ಟಾರು ಬಳಿಯುತ್ತಾರೆ. ಇದಕ್ಕೆ ಮುಂದು ಹಿಂದು ಎಂಬುದಿಲ್ಲ. ಆದಕಾರಣ ತಿರುಗುವುದು ಇದರ ಸ್ವಭಾವ. ಸುತ್ತಲೂ ಸಮನಾಗಿ, ತಗ್ಗಾಗಿ ಕುಳಿತರೆ ಬುಟ್ಟಿ ಸ್ಥಿರ. ಚೆಲುವಾದ ಏನನ್ನೋ ನೋಡಲೆಂದು ಎಲ್ಲರೂ ಒಂದೇ ಮಗ್ಗುಲಿಗೆ ಎದ್ದರೆ ಮಗುಚುವುದು ಖಂಡಿತ. ತೇಲುಕವಚವನ್ನು, ಎಂದರೆ ಲೈಫ್ ಜಾಕೆಟ್ಟನ್ನು, ಪ್ರತಿಯೊಬ್ಬರಿಗೂ ತೊಡಿಸಿ ಅದರ ಪಟ್ಟಿಗಳನ್ನು ನಾನೇ ಒಂದೊಂದಾಗಿ ಎಳೆದು ನೋಡಿದೆ. ಹುಡುಗರಿಗೆ ನಗು. ನನ್ನ ಕೈ ಏಕೆ ನಡುಗುತ್ತಿತ್ತೆಂಬುದು ಅವರಿಗೆ ಗೊತ್ತಿರಲಿಲ್ಲ.

ಅಂಬಿಗನೆಂದೊಡನೆ ನಮ್ಮ ಮಕ್ಕಳಿಗೆ ಅಂಬಿಗರ ಚೌಡಯ್ಯನ ನೆನಪಾಯಿತು. ಹನ್ನೆರಡನೆಯ ಶತಮಾನದ ಶರಣರಲ್ಲಿ ತಮ್ಮ ಇಷ್ಟದೈವದ ಹೆಸರನ್ನು ಅಂಕಿತವಾಗಿಸಿಕೊಂಡವರೇ ಹೆಚ್ಚು. ಈತನು ಮಾತ್ರ ಅಂಬಿಗರ ಚೌಡಯ್ಯ ಎಂದು ಕಾಯಕದೊಡನೆ ಕೂಡಿದ ತನ್ನ ಹೆಸರನ್ನೇ ಅಂಕಿತವಾಗಿ ಇರಿಸಿಕೊಂಡನು. ತುಂಗಭದ್ರೆಯ ದಡದ ಚೌಡದಾನಪುರ ಇಂದಿಗೂ ಆತನನ್ನು ನೆನೆಯುತ್ತದೆ. ಹುಟ್ಟನ್ನು ಹಾಕುವ ಕೈಯನ್ನು ಹತ್ತಿರದಿಂದ ನೋಡಿದ ಮೇಲೆ ಆ ಅಂಕಿತದ ಕೆಚ್ಚು ನನಗೆ ಇನ್ನಷ್ಟು ತಿಳಿಯಿತು. ಹೊಳೆಯ ನಡುವೆ ಅಂಬಿಗನ ಹೆಸರಿಗಿಂತ ಭರವಸೆಯ ಹೆಸರು ಯಾವುದಿದ್ದೀತು?

ಸಂಗಮವೆಂಬುದೂ ನಮ್ಮ ಮಕ್ಕಳಿಗೆ ನಿತ್ಯಪರಿಚಿತವಾದ ಪದ. ಬಸವಣ್ಣನವರ ಅಂಕಿತದೊಳಗೇ ಅದು ಸೇರಿದೆ. ಕೃಷ್ಣೆಯೂ ಮಲಪ್ರಭೆಯೂ ಕೂಡುವ ಎಡೆ ಕೂಡಲಸಂಗಮವೆಂದು ಎಲ್ಲರೂ ಬಲ್ಲರು. ಆದರೆ ಎರಡು ನೀರು ಕೂಡುವುದನ್ನು ಕಣ್ಣಾರೆ ಕಂಡಿದ್ದವರು ಮೂವತ್ತೆಂಟರಲ್ಲಿ ನಾಲ್ವರು. ಇಲ್ಲಿ ಕಾವೇರಿ ಅಗಲವಾಗಿ, ಬಂಡೆಗಳ ನಡುವೆ ಹಸಿರು ಛಾಯೆಯಿಂದ ಬರುತ್ತಾಳೆ. ಎಡಗಡೆಯಿಂದ ಬರುವ ಅರ್ಕಾವತಿ ಸಣ್ಣದಾಗಿ, ಬೂದುಬಣ್ಣವಾಗಿ, ಅಂಚಿನಲ್ಲಿ ನೊರೆಯೊಡನೆ ಬಂದು ಸೇರುತ್ತಾಳೆ.

“ಇದು ನಿನ್ನೆ ನೋಡಿದ ಹೊಳೆಯೇ?” ಎಂದು ಮಕ್ಕಳು ಕೇಳಿದರು. ಹೌದೆನ್ನಲೂ ಅಲ್ಲವೆನ್ನಲೂ ನನಗೆ ಆಗಲಿಲ್ಲ. ನಂದಿಯಲ್ಲಿ ಹುಟ್ಟಿದ ನೀರು ವರ್ಷದ ಬಹುಕಾಲ ಇಲ್ಲಿಯವರೆಗೆ ಬರುವುದೇ ಇಲ್ಲ. ನಡುದಾರಿಯಲ್ಲಿ ವೃಷಭಾವತಿ ಬಂದು ಸೇರುತ್ತದೆ. ಬಸವನಗುಡಿಯ ವೃಷಭನ ಪಾದದಲ್ಲಿ ಹುಟ್ಟಿತೆಂಬ ಐತಿಹ್ಯವುಳ್ಳ ಆ ತೊರೆ ಈಗ ಹೊತ್ತು ತರುವುದು ಬೆಂಗಳೂರಿನ ಪಶ್ಚಿಮ ಭಾಗದ ಬಚ್ಚಲು ನೀರನ್ನು ಮತ್ತು ಕಾರ್ಖಾನೆಗಳ ಹೊರನೀರನ್ನು. ಯಶವಂತಪುರಕ್ಕೆ ಹೊಂದಿದ ಪೀಣ್ಯದ ಕಾಲುವೆಗಳೂ ಅದರ ಪಾಲಿನವೇ. ಮಕ್ಕಳು ಹೊಳೆಯೆಂದು ನೋಡುತ್ತಿದ್ದುದು ಬಹುಪಾಲು ನಮ್ಮ ಮನೆಗಳಿಂದ ಹೊರಟ ನೀರು.

ಆಗ ಆ ಹುಡುಗಿ ಬಾಟಲಿಯ ಮುಚ್ಚಳವನ್ನು ತೆಗೆದು, ಬೆಟ್ಟದಿಂದ ತಂದಿದ್ದ ನೀರನ್ನು ಎರಡು ನೀರು ಕೂಡುವ ಕಡೆ ಸುರಿದಳು. “ಅದು ತಾನಾಗಿ ಬರುವುದಿಲ್ಲವಲ್ಲ ಗುರುಗಳೇ” ಎಂದಳು. ಮೂವತ್ತು ವರ್ಷ ಪದ್ಯ ಹೇಳಿಕೊಟ್ಟವನಿಗೆ ಆ ಹೊತ್ತಿಗೆ ಹೇಳಲು ಒಂದು ಪದ್ಯವೂ ಹೊಳೆಯಲಿಲ್ಲ.

ಹೊಳೆಯನ್ನು ದಾಟಿ ನಾಲ್ಕೈದು ಕಿಲೋಮೀಟರು ಕೆಳಗೆ ಮೇಕೆದಾಟು. ಅಷ್ಟು ಅಗಲದ ಕಾವೇರಿ ಇಲ್ಲಿ ಕಲ್ಲಿನ ಇಕ್ಕಟ್ಟಿಗೆ ಸಿಕ್ಕಿ, ಮೇಕೆಯೊಂದು ನೆಗೆದು ದಾಟೀತೆಂಬಷ್ಟು ಕಿರಿದಾಗಿ, ಭೋರ್ಗರೆದು ಹಾಯುತ್ತಾಳೆ. ಸುಳಿಯ ನೀರಿನಲ್ಲಿ ಉರುಳುಗಲ್ಲುಗಳು ಸುತ್ತಿ ಸುತ್ತಿ ಬಂಡೆಯನ್ನು ಒರಳಿನಂತೆ ಕೊರೆದಿವೆ. ನನ್ನ ಹುಡುಗ ಅಂದು ಬಿದ್ದದ್ದು ಇಂತಹ ಗುಂಡಿಗೇ. ಇಲ್ಲಿ ನೀರಿಗೆ ಇಳಿಯುವ ಮಾತೇ ಇಲ್ಲವೆಂದು ಮೊದಲೇ ಕಟ್ಟಪ್ಪಣೆ ಮಾಡಿದ್ದೆವು. ದೂರದಿಂದ ನೋಡಿ ಹಿಂದಿರುಗಿದೆವು. ಇಲ್ಲಿ ಅಣೆಕಟ್ಟನ್ನು ಕಟ್ಟುವ ಯೋಜನೆಯ ವಿಷಯದಲ್ಲಿ ಎರಡು ರಾಜ್ಯಗಳಿಗೆ ಇರುವ ವಿವಾದ ಪತ್ರಿಕೆಗಳನ್ನು ಓದುವ ಎಲ್ಲರಿಗೂ ತಿಳಿದದ್ದು.

ಹಿಂದಿರುಗುವಾಗ ಬಸ್ಸಿನಲ್ಲಿ ಗಣಿತದ ಉಪಾಧ್ಯಾಯರು ಒಂದು ಲೆಕ್ಕವನ್ನು ಕೊಟ್ಟರು. ಕಾವೇರಿಯ ನೀರು ಬೆಂಗಳೂರಿಗೆ ಮೊದಲು ಬಂದದ್ದು 1974ರಲ್ಲಿ. ಐದನೆಯ ಹಂತದ ನೀರು 2024ರ ಅಕ್ಟೋಬರಿನಲ್ಲಿ ಬಂದಿತು; ಅದು ನಗರಕ್ಕೆ ಸೇರಿದ 110 ಹಳ್ಳಿಗಳಿಗೆ, ದಿನಕ್ಕೆ 775 ದಶಲಕ್ಷ ಲೀಟರಿನ ಯೋಜನೆ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರು ದೂರ, ಸುಮಾರು 500 ಮೀಟರು ಎತ್ತರಕ್ಕೆ ಆ ನೀರನ್ನು ಯಂತ್ರಗಳಿಂದ ಎತ್ತಿ ತರಬೇಕು. ಐನೂರು ಮೀಟರು ಎಂದೊಡನೆ ಹಿಂದಿನ ಆಸನದಿಂದ ಒಬ್ಬ, “ನಾವು ನಿನ್ನೆ ಹತ್ತಿದಷ್ಟು!” ಎಂದು ಕೂಗಿದ. ಮಂಡಿನೋವು ಇನ್ನೂ ಆರಿರದ ಎಲ್ಲರಿಗೂ ಆ ಅಂಕಿ ತಟ್ಟನೆ ಅರ್ಥವಾಯಿತು. ನಾವು ಬೆಳಗ್ಗೆ ತಿರುಗಿಸುವ ಕೊಳಾಯಿಯ ಪ್ರತಿಯೊಂದು ಬಿಂದಿಗೆಯೂ ನಂದಿಬೆಟ್ಟದ ಅಷ್ಟೂ ಮೆಟ್ಟಿಲುಗಳನ್ನು ಏರಿ ಬರುತ್ತದೆ.

ಲೆಕ್ಕದ ಇನ್ನೊಂದು ಭಾಗವನ್ನೂ ಅವರು ಹೇಳಿದರು. ಹೆಬ್ಬಾಳ ನಾಗವಾರ ಕಣಿವೆಯ ಬಳಸಿದ ನೀರನ್ನು ಸಂಸ್ಕರಿಸಿ, ಮತ್ತೆ ಯಂತ್ರಗಳಿಂದಲೇ ಬೆಂಗಳೂರು ಗ್ರಾಮಾಂತರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ಕೆರೆಗಳಿಗೆ ತುಂಬಿಸುವ ಯೋಜನೆ ಈಗ ನಡೆದಿದೆ. ಕೆಳಗಿನ ಕಾವೇರಿ ನಮ್ಮ ಮನೆಗೆ ಏರಿ ಬಂದು, ನಮ್ಮ ಮನೆಯ ನೀರು ನಂದಿಯ ತಪ್ಪಲಿಗೆ ಏರಿ ಹೋಗುತ್ತದೆ. ಹಾಗೆ ತುಂಬಿಸಿದ ನೀರು ಇನ್ನೂ ಹೆಚ್ಚು ಶುದ್ಧವಾಗಬೇಕೆಂಬ ಕೂಗು ಆ ಹಳ್ಳಿಗಳಲ್ಲಿ ಇದೆ. ಮಜ್ಜಿಗೆಯನ್ನು ಕೊಟ್ಟ ಅಜ್ಜಿಯ ಊರಿನ ಕೆರೆಗೆ ನಮ್ಮ ಬಚ್ಚಲಿನ ನೀರು ಹೋಗುವುದಾದರೆ, ಆ ಬಚ್ಚಲಿಗೆ ನಾವು ಏನನ್ನು ಸುರಿಯುತ್ತೇವೆಂಬುದು ಆಕೆಗೂ ಸಂಬಂಧಪಟ್ಟ ವಿಷಯ.

ಸೋಮವಾರ ಅದೇ ಪ್ರಬಂಧವನ್ನು ಮತ್ತೆ ಬರೆಯಿಸಿದೆ. ಮೂವತ್ತೆಂಟರಲ್ಲಿ ಇಪ್ಪತ್ತೊಂದು ಮಕ್ಕಳು ಅರ್ಕಾವತಿಯನ್ನು ಕುರಿತು, ಹನ್ನೆರಡು ಮಕ್ಕಳು ಪಿನಾಕಿನಿಯನ್ನು ಕುರಿತು ಬರೆದರು. ತನ್ನ ಮನೆ ದಿಣ್ಣೆಯ ಯಾವ ಮಗ್ಗುಲಿಗಿದೆಯೆಂದು ಆರ್.ಟಿ. ನಗರದ ಹುಡುಗನೊಬ್ಬ ಚರಂಡಿಯ ಹರಿವನ್ನು ನೋಡಿ ನಿಶ್ಚಯಿಸಿ ಬಂದಿದ್ದ. ಉಳಿದ ಐವರು ಹರಿಗೋಲನ್ನು ಮಾತ್ರ ವರ್ಣಿಸಿದರು. ಅವರಿಗೂ ಅಂಕಗಳನ್ನು ಕೊಟ್ಟೆ.

ಮುಂದಿನ ಮಾರ್ಗಶಿರದಲ್ಲಿ ಶಿವಗಂಗೆಯನ್ನು ಏರಿ ಕುಮುದ್ವತಿಯ ಜಾಡನ್ನು ಹಿಡಿಯುವ ಸಂಕಲ್ಪವಿದೆ. ಬರಲಿಚ್ಛಿಸುವ ವಿದ್ಯಾರ್ಥಿಗಳು ತಂದೆ ತಾಯಿಗಳ ಒಪ್ಪಿಗೆಯ ಪತ್ರವನ್ನು ದಸರೆಯ ರಜೆಗೆ ಮುಂಚೆಯೇ ಪ್ರಸಾದನಿಲಯದ ಕಾರ್ಯಾಲಯಕ್ಕೆ ಒಪ್ಪಿಸಬೇಕು. ಈಜನ್ನು ಕಲಿಯಲು ಅವಕಾಶವಿರುವವರು ಅಷ್ಟರಲ್ಲಿ ಕಲಿತು ಬರಬೇಕು. ನಾನೂ ಕಳೆದ ಬೇಸಿಗೆಯಿಂದ ಕಲಿಯುತ್ತಿದ್ದೇನೆ. ಸದ್ಯಕ್ಕೆ ಕೊಳದ ಅಂಚನ್ನು ಬಿಟ್ಟು ಹತ್ತು ಮಾರು ಹೋಗಬಲ್ಲೆ.